ರೇವಾದಿಂದ ಹಸಿರು ನಂಬರ್ ಪ್ಲೇಟ್‌ವರೆಗೆ: ಪೆಟ್ರೋಲ್ ಬಿಡೋಣವೇ ಎಂಬ ವಾದದ ಹಿನ್ನೆಲೆ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಣ್ಣ ಗ್ಯಾರೇಜ್ ಇದೆ. ಹೋದ ತಿಂಗಳು ನನ್ನ ಪೆಟ್ರೋಲ್ ಸ್ಕೂಟರನ್ನು ಸರ್ವಿಸ್‌ಗೆ ಬಿಡಲು ಹೋದಾಗ ಪಕ್ಕದಲ್ಲೇ ಹಸಿರು ನಂಬರ್ ಪ್ಲೇಟಿನ ಕರೆಂಟ್ ಗಾಡಿಯೊಂದು ನಿಂತಿತ್ತು. ಮೆಕ್ಯಾನಿಕ್ ಅದರ ಬ್ರೇಕ್ ಪ್ಯಾಡ್ ಬದಲಿಸಿದರು, ಟೈರಿಗೆ ಗಾಳಿ ನೋಡಿದರು, ಬಟ್ಟೆಗೆ ಕೈ ಒರೆಸಿಕೊಂಡರು. "ಇದ್ರಲ್ಲಿ ನನಗಿರೋ ಕೆಲಸ ಇಷ್ಟೇ ಸಾರ್. ಆಯಿಲ್ ಇಲ್ಲ, ಪ್ಲಗ್ ಇಲ್ಲ, ಕಾರ್ಬುರೇಟರ್ ಇಲ್ಲ. ಬೇರೆ ಏನೇ ಕೆಟ್ರೂ ಕಂಪನಿಯವರ ಹತ್ರಾನೇ ಹೋಗ್ಬೇಕು" ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಚಿಂತೆ ಇತ್ತು.

ಪೆಟ್ರೋಲ್ ಬಿಟ್ಟು ಕರೆಂಟ್ ಗಾಡಿಗೆ ಹೋಗಬೇಕಾ ಅನ್ನುವ ವಾದ ಮನೆಮನೆಯಲ್ಲೂ ನಡೆಯುತ್ತಿದೆ. ಒಬ್ಬರು ಖರ್ಚಿನ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಬ್ಯಾಟರಿಗೆ ಬೆಂಕಿ ಬಿದ್ದ ವಿಡಿಯೊ ತೋರಿಸುತ್ತಾರೆ. ಈ ವಾದ ನಿನ್ನೆ ಮೊನ್ನೆಯದಲ್ಲ. ಅದು ಬೆಳೆದು ಬಂದ ದಾರಿಯಲ್ಲಿ ನಮ್ಮ ಬೆಂಗಳೂರಿಗೆ ದೊಡ್ಡ ಪಾಲಿದೆ. ಆ ದಾರಿಯನ್ನು ನೋಡಿದಷ್ಟೂ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಬಂದಿದೆ. ಕರೆಂಟ್ ಗಾಡಿಗೆ ಏಟು ಬಿದ್ದಾಗಲೆಲ್ಲ ಅದರ ಮೋಟರ್‌ಗಿಂತ ಜಾಸ್ತಿ ತಪ್ಪು ಸುತ್ತಲಿನ ಏರ್ಪಾಡಿನದೇ ಆಗಿತ್ತು.

ಮೊದಲು ತೀರಾ ಹಳೆಯ ಕಥೆ. 1900ರ ಹೊತ್ತಿಗೆ ಅಮೆರಿಕದ ರಸ್ತೆಯಲ್ಲಿದ್ದ ಕಾರುಗಳಲ್ಲಿ ಸುಮಾರು ಮೂರರಲ್ಲಿ ಒಂದು ಬ್ಯಾಟರಿಯದ್ದು. ನ್ಯೂಯಾರ್ಕಿನಲ್ಲಿ ಬ್ಯಾಟರಿ ಟ್ಯಾಕ್ಸಿಗಳೇ ಓಡಾಡುತ್ತಿದ್ದವು. ಪೆಟ್ರೋಲ್ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ಅದು ಹಿಂದಕ್ಕೆ ಹೊಡೆದರೆ ಮಣಿಕಟ್ಟೇ ಮುರಿಯುತ್ತಿತ್ತು. ಹೆನ್ರಿ ಫೋರ್ಡ್ ಪೆಟ್ರೋಲ್ ಕಾರು ಮಾರಿ ಹೆಸರಾದವರು, ಆದರೆ ಅವರ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಬ್ಯಾಟರಿ ಕಾರು. ಆಮೇಲೆ ಮೂರು ಬದಲಾವಣೆ ಒಂದರ ಹಿಂದೊಂದು ಬಂದವು. ಟೆಕ್ಸಸ್‌ನಲ್ಲಿ ಎಣ್ಣೆ ಸಿಕ್ಕಿತು. 1908ರಲ್ಲಿ ಫೋರ್ಡ್‌ನ ಅಗ್ಗದ ಮಾಡೆಲ್ ಟಿ ಬಂತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟ್ ಬಂತು. ಊರ ಹೊರಗೆ ಹೆಚ್ಚಿನ ಕಡೆ ಕರೆಂಟೇ ಇರಲಿಲ್ಲ. ಹೀಗೆ ಬ್ಯಾಟರಿ ಕಾರು ಮೂಲೆಗೆ ಸರಿಯಿತು.

ವಾದ ಮತ್ತೆ ಎದ್ದದ್ದು ಹೊಗೆಯ ಕಾರಣಕ್ಕೆ. ಲಾಸ್ ಏಂಜಲೀಸಿನ ಮಂಜಿನಂಥ ಹೊಗೆ ನೋಡಿ ಕ್ಯಾಲಿಫೋರ್ನಿಯಾ 1990ರಲ್ಲಿ ಒಂದು ನಿಯಮ ಮಾಡಿತು: ದೊಡ್ಡ ಕಂಪನಿಗಳು 1998ಕ್ಕೆ ತಾವು ಮಾರುವ ಕಾರುಗಳಲ್ಲಿ ಶೇ. 2ರಷ್ಟನ್ನು ಹೊಗೆಯೇ ಇಲ್ಲದಂತೆ ಮಾಡಬೇಕು. ಜನರಲ್ ಮೋಟರ್ಸ್ 1996ರಲ್ಲಿ ಇವಿ1 ಅನ್ನುವ ಕಾರನ್ನು ಲೀಸ್‌ಗೆ ಕೊಟ್ಟಿತು. ಕಂಪನಿಗಳು ತಕರಾರು ತೆಗೆದವು, ನಿಯಮ ಸಡಿಲವಾಯಿತು. 2003ರ ಹೊತ್ತಿಗೆ ಆ ಕಾರುಗಳನ್ನು ವಾಪಸ್ ಪಡೆದು, ಹೆಚ್ಚಿನವನ್ನು ಜಜ್ಜಿ ಗುಜರಿ ಮಾಡಿದರು. ಓಡಿಸುತ್ತಿದ್ದವರು ಕೊಂಡುಕೊಳ್ಳುತ್ತೇವೆ ಅಂದರೂ ಕೊಡಲಿಲ್ಲ.

ಆ ಕಾರುಗಳು ಗುಜರಿಗೆ ಹೋಗುವ ಮೊದಲೇ ಇಲ್ಲಿ, ಬೆಂಗಳೂರಿನಲ್ಲಿ, ಒಂದು ಪುಟ್ಟ ಕಾರು ರಸ್ತೆಗೆ ಇಳಿದಿತ್ತು. ಮೈನಿ ಕುಟುಂಬ ಕ್ಯಾಲಿಫೋರ್ನಿಯಾದ ಒಂದು ಕಂಪನಿಯ ಜೊತೆ ಸೇರಿ 1994ರಲ್ಲಿ ರೇವಾ ಕಂಪನಿ ಕಟ್ಟಿತು. 2001ರಲ್ಲಿ ಕಾರು ಮಾರಾಟಕ್ಕೆ ಬಂತು. ಇದರ ಹಿಂದಿದ್ದವರು ಚೇತನ್ ಮೈನಿ. ರೇವಾ ನೋಡಿದವರಿಗೆ ಅದರ ಆಕಾರ ಮರೆಯಲ್ಲ. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಬೇಕಾದರೆ ಇಬ್ಬರು ಮಕ್ಕಳು. ಮೈ ಪ್ಲಾಸ್ಟಿಕ್ಕಿನದು, ಗುದ್ದಿದರೂ ಸುಲಭಕ್ಕೆ ತಗ್ಗು ಬೀಳುತ್ತಿರಲಿಲ್ಲ. ಸೀಟಿನ ಕೆಳಗೆ ಎಂಟು ಲೆಡ್ ಆ್ಯಸಿಡ್ ಬ್ಯಾಟರಿ. ಗೀಸರ್‌ಗೆ ಹಾಕುವಂಥ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿ ರಾತ್ರಿ ಬಿಟ್ಟರೆ ಬೆಳಗ್ಗೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತರೆ ಬೈಕಿನವರು ಬಗ್ಗಿ ಒಳಗೆ ನೋಡುತ್ತಿದ್ದರು.

ಇದೇ ಕಾರು ಜಿ-ವಿಜ್ ಅನ್ನುವ ಹೆಸರಿನಲ್ಲಿ ಲಂಡನ್ನಿಗೆ ಹೋಯಿತು. ಅಲ್ಲಿ ಊರ ಮಧ್ಯಕ್ಕೆ ಕಾರು ತಂದರೆ ಶುಲ್ಕ ಕಟ್ಟಬೇಕು, ಬ್ಯಾಟರಿ ಕಾರಿಗೆ ವಿನಾಯಿತಿ ಇತ್ತು. ಹಾಗಾಗಿ ಜನ ಕೊಂಡರು. ಇಲ್ಲಿ ಅಂಥ ಒತ್ತಾಸೆ ಏನೂ ಇರಲಿಲ್ಲ. ಕಾರಿನ ಬೆಲೆಗೆ ಹೋಲಿಸಿದರೆ ಸಿಗುವುದು ಕಡಿಮೆ ಅಂತ ಜನಕ್ಕೆ ಅನಿಸಿತು. ಅದು ನ್ಯಾಯವಾದ ಮಾತೇ. ಕೆಲವು ವರ್ಷಕ್ಕೊಮ್ಮೆ ಬ್ಯಾಟರಿಗಳನ್ನೆಲ್ಲ ಬದಲಿಸಬೇಕಿತ್ತು, ಅದೊಂದು ದೊಡ್ಡ ಖರ್ಚು. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲನ್ನು ಕೊಂಡಿತು.

ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಕರೆಂಟ್ ಗಾಡಿಗಳಿಗೆ ಸಬ್ಸಿಡಿ ಶುರು ಮಾಡಿತು. ಸ್ಕೂಟರಿಗೆ 4,000ದಿಂದ 5,000 ರೂಪಾಯಿ, ಕಾರಿಗೆ 1 ಲಕ್ಷದವರೆಗೆ. ಸಣ್ಣ ಸಣ್ಣ ಕಂಪನಿಗಳು ಹುಟ್ಟಿಕೊಂಡವು, ಸಾಲ ಮಾಡಿ ಶೋರೂಂ ತೆರೆದವರೂ ಇದ್ದರು. 2012ರ ಮಾರ್ಚ್‌ಗೆ ಯೋಜನೆ ಮುಗಿಯಿತು. ಮುಂದಿನದು ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ಮಾರಾಟ ನೆಲಕಚ್ಚಿತು, ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು. ಮುಂದಿನ ಯೋಜನೆಯಾದ ಫೇಮ್ ಬಂದದ್ದು 2015ರಲ್ಲಿ. ಬಾಗಿಲು ಹಾಕಿದ ಕಂಪನಿಗಳ ಗಾಡಿ ಕೊಂಡಿದ್ದವರಿಗೆ ಬಿಡಿಭಾಗ ಸಿಗುವುದೂ ಕಷ್ಟವಾಯಿತು. "ಬ್ಯಾಟರಿ ಗಾಡಿ ನಂಬೋಕಾಗಲ್ಲ" ಅನ್ನುವ ಮಾತು ಜನರ ಬಾಯಲ್ಲಿ ಗಟ್ಟಿಯಾಗಿ ನಿಂತದ್ದು ಆಗಲೇ ಅಂತ ನನ್ನ ಅನಿಸಿಕೆ.

ಬೆಂಗಳೂರಿನ ಬಸ್ಸಿನದೂ ಹೆಚ್ಚುಕಡಿಮೆ ಇದೇ ಕಥೆ. 2014ರಲ್ಲಿ ಬಿಎಂಟಿಸಿ ಚೀನಾ ಕಂಪನಿಯ ಒಂದು ಎಲೆಕ್ಟ್ರಿಕ್ ಬಸ್ಸನ್ನು ಮೂರು ತಿಂಗಳು ಪ್ರಯೋಗಕ್ಕೆ ಓಡಿಸಿತು. ದೇಶದಲ್ಲೇ ಮೊದಲ ಸಾಲಿನ ಪ್ರಯೋಗ ಅದು. ಆದರೆ ನಿಗಮದ ಬಸ್ಸುಗಳು ನಿಜವಾಗಿ ರಸ್ತೆಗೆ ಬಂದದ್ದು ಏಳೆಂಟು ವರ್ಷ ಆದಮೇಲೆ.

2017ರಲ್ಲಿ ಮಾತು ಒಮ್ಮೆಲೇ ಜೋರಾಯಿತು. 2030ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲ್, ಡೀಸೆಲ್ ಕಾರು ಮಾರುವುದೇ ಬೇಡ ಅಂತ ಆಗಿನ ಇಂಧನ ಸಚಿವ ಪೀಯೂಷ್ ಗೋಯಲ್ ಹೇಳಿದರು. ನಿಮಗೆ ಇಷ್ಟ ಇರಲಿ ಬಿಡಲಿ, ಇದನ್ನು ಮಾಡಿಯೇ ತೀರುತ್ತೇನೆ ಅಂತ ಸಾರಿಗೆ ಸಚಿವ ನಿತಿನ್ ಗಡ್ಕರಿ ವಾಹನ ಕಂಪನಿಗಳ ಸಭೆಯಲ್ಲೇ ಹೇಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ತನ್ನದೇ ಇವಿ (ಎಲೆಕ್ಟ್ರಿಕ್ ವಾಹನ) ನೀತಿ ತಂದಿತು. ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. ಕೆಲವೇ ತಿಂಗಳಲ್ಲಿ ಕೇಂದ್ರದ ಮಾತು ಮೆತ್ತಗಾಯಿತು, ಎಲ್ಲ ಗಾಡಿ ಅನ್ನುವುದು ಶೇ. 30ಕ್ಕೆ ಇಳಿಯಿತು. 2019ರಲ್ಲಿ ಮತ್ತೆ ಬಿಸಿ. 2023ಕ್ಕೆ ಎಲ್ಲ ಆಟೊ, 2025ಕ್ಕೆ 150 ಸಿಸಿಗಿಂತ ಕೆಳಗಿನ ಎಲ್ಲ ಬೈಕು-ಸ್ಕೂಟರ್ ಕರೆಂಟಿನವೇ ಆಗಬೇಕು ಎಂಬ ಪ್ರಸ್ತಾವ ನೀತಿ ಆಯೋಗದಿಂದ ಬಂತು. ಎರಡು ವಾರದಲ್ಲಿ ನಿಮ್ಮ ಯೋಜನೆ ಹೇಳಿ ಅಂತ ಕಂಪನಿಗಳಿಗೆ ಗಡುವು. ಬಜಾಜ್‌ನ ರಾಜೀವ್ ಬಜಾಜ್, ಟಿವಿಎಸ್‌ನ ವೇಣು ಶ್ರೀನಿವಾಸನ್ ಇಬ್ಬರೂ ಬಹಿರಂಗವಾಗಿಯೇ ವಿರೋಧಿಸಿದರು. ಲಕ್ಷಾಂತರ ಜನರ ಕೆಲಸ ಇದರ ಮೇಲೆ ನಿಂತಿದೆ, ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳಿಗೆ ಸಮಯ ಬೇಕು ಅನ್ನುವುದು ಕಂಪನಿಗಳ ವಾದ. ಆ ವಾದದಲ್ಲಿ ಹುರುಳಿತ್ತು. ಪೀಣ್ಯದಲ್ಲಿ ಲೇತ್ ಮೆಷಿನ್ ಹಾಕಿಕೊಂಡು ಎಂಜಿನ್ನಿನ ಒಂದೇ ಒಂದು ಭಾಗ ತಯಾರಿಸುವವರು ಎರಡು ವಾರದಲ್ಲಿ ಏನು ತಾನೆ ಮಾಡೋಕಾಗುತ್ತೆ?

ಗಡುವು ಬಿದ್ದುಹೋಯಿತು. ಆದರೆ ಆ ಎರಡೂ ಕಂಪನಿಗಳು 2020ರ ಜನವರಿಯಲ್ಲಿ ತಮ್ಮ ತಮ್ಮ ಎಲೆಕ್ಟ್ರಿಕ್ ಸ್ಕೂಟರ್ ಬಿಟ್ಟವು. ಐದು ವರ್ಷದಲ್ಲಿ ಮಾರಾಟದ ಮುಂಚೂಣಿಗೆ ಬಂದವು. ಬೆಂಗಳೂರಿನಲ್ಲೇ ಬೆಳೆದ ಏಥರ್ 2018ರಲ್ಲೇ ತನ್ನ ಮೊದಲ ಸ್ಕೂಟರ್ ಮಾರಲು ಶುರು ಮಾಡಿತ್ತು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತು. ಅದೇ ತಿಂಗಳು ಕೇಂದ್ರ ಸಬ್ಸಿಡಿಯನ್ನು ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ, ಅಂದರೆ ಅದು ಹಿಡಿಯುವ ಪ್ರತಿ ಯೂನಿಟ್ ಕರೆಂಟಿಗೆ, 15,000 ರೂಪಾಯಿಗೆ ಏರಿಸಿತು. ಜನ ಸಾಲುಗಟ್ಟಿದರು. 2023ರ ಜೂನ್‌ನಲ್ಲಿ ಅದು 10,000ಕ್ಕೆ ಇಳಿಯಿತು. ಗಾಡಿ ಬೆಲೆಯ ಶೇ. 40ರವರೆಗೆ ಇದ್ದ ಮಿತಿ ಶೇ. 15ಕ್ಕೆ ಬಂತು. ಮೇ ತಿಂಗಳಲ್ಲಿ ಕೊಂಡವರಿಗೂ ಜೂನ್‌ನಲ್ಲಿ ಕೊಂಡವರಿಗೂ ಸಾವಿರಾರು ರೂಪಾಯಿ ವ್ಯತ್ಯಾಸ. ಸಬ್ಸಿಡಿ ಎಂದೆಂದಿಗೂ ಇರಬೇಕು ಅಂತ ನಾನು ಹೇಳುವುದಿಲ್ಲ. ಇಂಥ ವರ್ಷ ಇಷ್ಟು ಇಳಿಯುತ್ತೆ ಅಂತ ಮೊದಲೇ ಹೇಳಿಬಿಟ್ಟರೆ ಸಂಬಳದಲ್ಲಿ ಉಳಿಸಿ ಗಾಡಿ ಕೊಳ್ಳುವವರು ಅದಕ್ಕೆ ತಕ್ಕಂತೆ ಯೋಚಿಸಬಹುದು. ಬ್ಯಾಟರಿ ಬೆಲೆಯೂ ಇಳಿಯುತ್ತಾ ಬಂದಿದೆ. ಜಗತ್ತಿನ ಸರಾಸರಿ ಬೆಲೆ ಒಂದು ಕಿಲೋವ್ಯಾಟ್ ಅವರ್‌ಗೆ 2010ರಲ್ಲಿ ಸಾವಿರ ಡಾಲರ್‌ಗಿಂತ ಜಾಸ್ತಿ ಇತ್ತು, 2024ರಲ್ಲಿ ಸುಮಾರು 115 ಡಾಲರ್.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಕರೆಂಟ್ ಬರೋದೇ ಕಲ್ಲಿದ್ದಲು ಸುಟ್ಟು, ಹಾಗಿದ್ದರೆ ಲಾಭ ಏನು? ಲೆಕ್ಕ ಹಾಕಿಯೇ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್ ಆದರೆ ಕಿಲೋಮೀಟರಿಗೆ 51 ಗ್ರಾಂ. ಎಲೆಕ್ಟ್ರಿಕ್ ಸ್ಕೂಟರಿಗೆ ಚಾರ್ಜಿಂಗ್‌ನಲ್ಲಿ ಹೋಗುವ ನಷ್ಟವನ್ನೂ ಸೇರಿಸಿ 100 ಕಿಲೋಮೀಟರಿಗೆ ಮೂರೂವರೆ ಯೂನಿಟ್ ಹಿಡಿಯಿರಿ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿ ಆಸುಪಾಸು. ಅಂದರೆ ಕಿಲೋಮೀಟರಿಗೆ ಸುಮಾರು 25 ಗ್ರಾಂ. ಕಲ್ಲಿದ್ದಲಿನದೇ ದೊಡ್ಡ ಪಾಲಿರುವ ನಮ್ಮ ಕರೆಂಟಿನಲ್ಲೂ ಅರ್ಧಕ್ಕೆ ಇಳಿಯಿತು, ಅಲ್ವಾ? ಕಾರಿನಲ್ಲಿ ಇಷ್ಟು ಲಾಭ ಕಾಣಲ್ಲ. ಲೀಟರಿಗೆ 15 ಕೊಡುವ ಕಾರು 153 ಗ್ರಾಂ ಬಿಟ್ಟರೆ, 100 ಕಿಲೋಮೀಟರಿಗೆ 15 ಯೂನಿಟ್ ಕುಡಿಯುವ ಕರೆಂಟ್ ಕಾರು 105 ಗ್ರಾಂ. ಬ್ಯಾಟರಿ ತಯಾರಿಸುವಾಗ ಬರುವ ಹೊಗೆ ಬೇರೆ, ಕಾರಿನ ದೊಡ್ಡ ಬ್ಯಾಟರಿಗೆ ಅದೂ ಜಾಸ್ತಿ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಂಥವು ಬೆಳೆದಷ್ಟೂ ಈ ಲೆಕ್ಕ ಇನ್ನೂ ಸುಧಾರಿಸುತ್ತದೆ. ದುಡ್ಡಿನ ಲೆಕ್ಕ ಇನ್ನೂ ಸುಲಭ. ಯೂನಿಟ್‌ಗೆ 6 ರೂಪಾಯಿ ಅಂದರೂ ಸ್ಕೂಟರಿನ 100 ಕಿಲೋಮೀಟರಿಗೆ 21 ರೂಪಾಯಿ. ಪೆಟ್ರೋಲ್‌ನಲ್ಲಿ ಇನ್ನೂರು ದಾಟುತ್ತದೆ.

ಆದ್ದರಿಂದ ನಮ್ಮಲ್ಲಿ ಈ ಚರ್ಚೆ ಕಾರಿನ ಸುತ್ತ ತಿರುಗುವುದು ನನಗೆ ಬೇಸರ ತರಿಸುತ್ತದೆ. ನಮ್ಮ ರಸ್ತೆಯಲ್ಲಿ ಜಾಸ್ತಿ ಇರುವುದು ಸ್ಕೂಟರ್, ಬೈಕು. ದಿನವಿಡೀ ಓಡುವುದು ಆಟೊ, ಬಸ್ಸು. ಬದಲಾವಣೆಯ ಲಾಭ ಇರುವುದೂ ಅಲ್ಲೇ.

ಭಯದ ಮಾತನ್ನು ತಳ್ಳಿಹಾಕುವ ಹಾಗಿಲ್ಲ. 2022ರ ಬೇಸಿಗೆಯಲ್ಲಿ ಒಂದರ ಹಿಂದೊಂದು ಸ್ಕೂಟರ್ ಹೊತ್ತಿಕೊಂಡವು. ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿನ ಹೊಗೆಗೆ ತಂದೆ-ಮಗಳು ಉಸಿರುಕಟ್ಟಿ ಸತ್ತರು. ಆಮೇಲೆ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಯಿತು. ಆ ವರ್ಷದ ಡಿಸೆಂಬರ್‌ನಿಂದ ಹಂತಹಂತವಾಗಿ ಜಾರಿಗೂ ಬಂತು. ಆ ಬಿಗಿ ಮೊದಲೇ ಇರಬೇಕಿತ್ತು.

ಲಿಥಿಯಂ ಎಲ್ಲಿಂದ ತರುವುದು ಅನ್ನುವ ಚಿಂತೆಯೂ ನಿಜವಾದದ್ದೇ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂತ ಸುದ್ದಿಯಾದಾಗ ನಾವೆಲ್ಲ ಖುಷಿಪಟ್ಟೆವು. ಅಲ್ಲಿ ಅಂದಾಜು ಸಿಕ್ಕಿರುವುದು 1,600 ಟನ್, ದೇಶದ ಹಸಿವಿಗೆ ಅದು ಏನೇನೂ ಸಾಲದು. ಬ್ಯಾಟರಿಯ ಬಹುಪಾಲು ಚೀನಾದ ಕೈಯಲ್ಲೇ ಇದೆ. 2025ರ ಏಪ್ರಿಲ್‌ನಲ್ಲಿ ಅದು ಮೋಟರಿನ ಆಯಸ್ಕಾಂತಕ್ಕೆ ಬೇಕಾದ ಲೋಹಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ಕಾರ್ಖಾನೆಗಳೂ ಪರದಾಡಿದವು. ಕೊಲ್ಲಿ ದೇಶಗಳ ಎಣ್ಣೆಯ ಹಂಗು ಬಿಟ್ಟು ಇನ್ನೊಂದು ಹಂಗಿಗೆ ಬೀಳುತ್ತೇವಾ ಅಂತ ಕೇಳುವವರನ್ನು ಪೆಟ್ರೋಲ್ ಪರ ಅಂತ ಬೈಯಬಾರದು. ಇದರ ಉತ್ತರ ಹಳೆ ಬ್ಯಾಟರಿಯಿಂದ ಲೋಹ ವಾಪಸ್ ತೆಗೆಯುವ ಕೆಲಸದಲ್ಲಿದೆ, ಲಿಥಿಯಂ ಬೇಡದ ಸೋಡಿಯಂ ಬ್ಯಾಟರಿಯಲ್ಲಿದೆ. ಎರಡೂ ಇನ್ನೂ ಎಳೆಯವು.

ಸರ್ಕಾರದ ಜೇಬಿನ ವಿಷಯ ಕಡಿಮೆ ಜನ ಮಾತಾಡುತ್ತಾರೆ. ಪೆಟ್ರೋಲ್ ಮೇಲಿನ ತೆರಿಗೆ ರಾಜ್ಯಕ್ಕೆ ದೊಡ್ಡ ಆದಾಯ. 2024ರ ಜೂನ್‌ನಲ್ಲಿ ಕರ್ನಾಟಕ ಅದನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಎಲ್ಲರೂ ಕರೆಂಟಿಗೆ ಹೋದರೆ ಆ ದುಡ್ಡು ಎಲ್ಲಿಂದ ಬರಬೇಕು? ಅದೇ ವರ್ಷ 25 ಲಕ್ಷಕ್ಕಿಂತ ದುಬಾರಿ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10 ಜೀವಿತಾವಧಿ ತೆರಿಗೆ ಹಾಕಿದರು. ಅಷ್ಟು ಬೆಲೆಯ ಕಾರಿಗೆ ತೆರಿಗೆ ಹಾಕಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಆಟೊ, ಸ್ಕೂಟರಿನ ಬಳಿಗೆ ಅದು ಬರದಿದ್ದರೆ ಸಾಕು.

ಬಿಎಂಟಿಸಿಯಲ್ಲಿ ಈಗ ಸಾವಿರಕ್ಕೂ ಹೆಚ್ಚು ಎಲೆಕ್ಟ್ರಿಕ್ ಬಸ್ಸುಗಳಿವೆ. ಬಸ್ಸು, ಡ್ರೈವರ್ ಎರಡೂ ಗುತ್ತಿಗೆ ಕಂಪನಿಯದು, ಕಂಡಕ್ಟರ್ ನಿಗಮದವರು. ಕಿಲೋಮೀಟರಿಗೆ ಇಷ್ಟು ಅಂತ ನಿಗಮ ದುಡ್ಡು ಕೊಡುತ್ತದೆ. ಹತ್ತಿ ಕುಳಿತರೆ ಎಂಜಿನ್ನಿನ ನಡುಕ ಇಲ್ಲ, ಡೀಸೆಲ್ ವಾಸನೆ ಇಲ್ಲ. ಡ್ರೈವರುಗಳ ಸಂಬಳ, ತರಬೇತಿಯ ಪ್ರಶ್ನೆ ಮಾತ್ರ ಬಾಕಿ ಇದೆ.

ಕೊನೆಗೆ ಬರುವುದು ಸಾಕೆಟ್. ಹೊಸ ಕಟ್ಟಡಗಳಲ್ಲಿ ಶೇ. 20ರಷ್ಟು ಪಾರ್ಕಿಂಗ್‌ಗೆ ಚಾರ್ಜಿಂಗ್ ಏರ್ಪಾಡು ಇರಲಿ ಅಂತ ಕೇಂದ್ರ 2019ರಲ್ಲಿ ಮಾದರಿ ನಿಯಮ ತಿದ್ದಿತು. ಹಳೆ ಕಟ್ಟಡಗಳ ಕಥೆ ಬೇರೆ. ಬಾಡಿಗೆ ಮನೆಗಳ ಬೀದಿಯಲ್ಲಿ ರಾತ್ರಿ ನಡೆದು ನೋಡಿ, ಎರಡನೇ ಮಹಡಿಯ ಕಿಟಕಿಯಿಂದ ಕಪ್ಪು ಎಕ್ಸ್‌ಟೆನ್ಶನ್ ವೈರ್ ಇಳಿದು ಬಂದು ಸ್ಕೂಟರಿಗೆ ಸೇರಿರುತ್ತದೆ. ಮಳೆ ಬಂದರೆ ಓಡಿಬಂದು ಕೀಳಬೇಕು. ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಸಾಕೆಟ್ ಹಾಕಿಸಲು ಎಂಟು ತಿಂಗಳು ಹಿಡಿಯಿತು. ಮೊದಲು ಬೆಂಕಿಯ ಭಯ, ಆಮೇಲೆ ಬಿಲ್ ಯಾರು ಕಟ್ಟಬೇಕು ಅನ್ನುವ ಜಗಳ. ಕೊನೆಗೆ ಬೇರೆ ಮೀಟರ್ ಹಾಕಿಸಿ, ಗೋಡೆಯ ಪಕ್ಕ ನಾಲ್ಕು ಸಾಕೆಟ್ ಕೊಟ್ಟರು. 48 ಮನೆಗೆ ನಾಲ್ಕು. ಪಕ್ಕದಲ್ಲೇ ದಾರಕ್ಕೆ ಒಂದು ನೋಟ್‌ಬುಕ್ ಕಟ್ಟಿ ನೇತುಹಾಕಿದ್ದಾರೆ. ರಾತ್ರಿ ಹತ್ತರ ಮೇಲೆ ಯಾರ ಸರದಿ ಅಂತ ಅದರಲ್ಲಿ ಬರೆಯಬೇಕು. ಪೆಟ್ರೋಲ್ ಸ್ಕೂಟರ್ ಮಾರುವ ಮೊದಲು ನಾನೂ ಹೋಗಿ ಆ ಪುಸ್ತಕ ತಿರುವಿದೆ. ಈ ವಾರ ಬುಧವಾರ ಒಂದೇ ದಿನ ಖಾಲಿ ಇತ್ತು.