ತೊಗರಿ ಹೊಟ್ಟು, ದಮ್ಮು ಮತ್ತು ಎರಡು ಪಂಪು

ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ನಡೆಯುವ ಡಿಸೆಂಬರ್, ಜನವರಿ ದಿನಗಳಲ್ಲಿ ಹೊಟ್ಟಿನ ಧೂಳು ಹೊಲದ ಮೇಲೆ ಮಂಜಿನಂತೆ ನಿಂತಿರುತ್ತದೆ. ನಮ್ಮ ತಾಯಿಯ ದಮ್ಮು ಏಳುತ್ತಿದ್ದುದೂ ಆಗಲೇ. ರಾಶಿ ಮುಗಿದ ರಾತ್ರಿ ಗೋಡೆಗೆ ಒರಗಿ ಕುಳಿತು, ಎದೆಯಲ್ಲಿ ಸಿಳ್ಳೆ ಹಾಕಿದಂಥ ಸದ್ದಿನೊಂದಿಗೆ ಬೆಳಗಾಗುವುದನ್ನೇ ಕಾಯುತ್ತಿದ್ದರು.

ದಮ್ಮು, ಅಂದರೆ ಆಸ್ತಮಾದಲ್ಲಿ ಶ್ವಾಸನಾಳಗಳ ಒಳಪದರಕ್ಕೆ ಉರಿಯೂತವಾಗಿ, ಅದು ಬಾತು ಲೋಳೆ ತುಂಬಿಕೊಳ್ಳುತ್ತದೆ. ಧೂಳು, ಹೊಗೆ, ತಂಪುಗಾಳಿ ಅಥವಾ ನೆಗಡಿಯ ವೈರಸ್ ತಗುಲಿದಾಗ ಸುತ್ತಲಿನ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ. ಆ ಬಿಗಿತವನ್ನು ಸಾಲ್ಬುಟಮಾಲ್ ಎಂಬ ಔಷಧಿಯ ಪಂಪು (ಇನ್ಹೇಲರ್) ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ಅದರ ಫಲ 4ರಿಂದ 6 ಗಂಟೆ ಮಾತ್ರ. ಉರಿಯೂತ ಇದ್ದಲ್ಲೇ ಇರುತ್ತದೆ. ಅದನ್ನು ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಾಸೋನ್‌ನಂಥ ಸ್ಟೀರಾಯ್ಡ್ ಇರುವ ಎರಡನೇ ಪಂಪು. ಇದರ ಪೂರ್ಣ ಫಲಕ್ಕೆ ವಾರಗಳು ಬೇಕಾದ್ದರಿಂದ, ವೈದ್ಯರು ದಿನಾಲೂ ಎಳೆಯಲು ಬರೆದುಕೊಟ್ಟಿದ್ದರೆ ಉಸಿರು ಸರಾಗವಾಗಿರುವ ದಿನವೂ ತಪ್ಪಿಸಬಾರದು. ಜನ ಎಡವುವುದು ಇಲ್ಲಿಯೇ: ಇದನ್ನು ಬಿಟ್ಟು ಸಾಲ್ಬುಟಮಾಲ್ ಒಂದನ್ನೇ ನೆಚ್ಚುತ್ತಾರೆ. ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬುಟಮಾಲ್ ಒಂದರಿಂದಲೇ ಚಿಕಿತ್ಸೆ ಸಲ್ಲದೆಂದು ‘ಗಿನಾ’ ಎಂಬ ಜಾಗತಿಕ ಆಸ್ತಮಾ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಬುಡೆಸೊನೈಡ್ ಮತ್ತು ಬಿಗಿತ ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಪಂಪು ಎರಡೂ ಕೆಲಸವನ್ನು ಒಟ್ಟಿಗೇ ಮಾಡಬಲ್ಲದು.

“ಪಂಪ್ ಒಮ್ಮಿ ಹಚ್ಕೊಂಡ್ರ ಸಾಯೋತನ ಬಿಡಂಗಿಲ್ಲ” ಎಂದು ಓಣಿಯ ಹಿರಿಯರು ಹೇಳಿದ್ದನ್ನು ನಂಬಿ ತಾಯಿ ಬರೀ ಗುಳಿಗೆ ನುಂಗುತ್ತಿದ್ದರು. ಸಾಲ್ಬುಟಮಾಲ್ ಗುಳಿಗೆಯಲ್ಲಿರುವುದು 4 ಮಿಲಿಗ್ರಾಂ, ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ, ಅಂದರೆ 40ರಲ್ಲಿ ಒಂದು ಪಾಲು. ಗುಳಿಗೆಯ ಔಷಧಿ ಮೈಯೆಲ್ಲ ಸುತ್ತಿ ಕೈ ನಡುಗಿಸುತ್ತದೆ, ಎದೆಬಡಿತ ಏರಿಸುತ್ತದೆ. ಪಂಪಿನದು ನೇರವಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ. ಪಂಪು ಚಟ ಹಿಡಿಸುವುದಿಲ್ಲ, ಕಾಯಿಲೆಯೇ ದೀರ್ಘಕಾಲದ್ದು.

ಕೊನೆಗೆ ಪಂಪು ಬಂತು, ದಮ್ಮು ಹೋಗಲಿಲ್ಲ. ಒಂದು ದಿನ ಎದುರು ಕುಳಿತು ನೋಡಿದಾಗ, ಒತ್ತಿದ ಔಷಧಿಯೆಲ್ಲ ಬಾಯಂಚಿನಿಂದ ಬಿಳಿ ಹೊಗೆಯಾಗಿ ಹೊರಬರುತ್ತಿತ್ತು. ಮೊದಲು ಉಸಿರು ಬಿಟ್ಟು, ತುಟಿ ಬಿಗಿದು, ಒತ್ತುತ್ತಲೇ ನಿಧಾನವಾಗಿ ಎಳೆದು, 10 ಸೆಕೆಂಡ್ ಉಸಿರು ಹಿಡಿಯಬೇಕು. ಇದು ಕೂಡಿಬರದವರಿಗೆ ಪಂಪಿಗೆ ಸಿಕ್ಕಿಸುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯಿದೆ. ನನ್ನ ಮಟ್ಟಿಗೆ ಅದು ಪಂಪಿನಷ್ಟೇ ಮುಖ್ಯ. ಪುಡಿಯ ಔಷಧಿಯನ್ನಾದರೆ ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬೆಳೆಯಬಹುದು.

ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯಬಾರದು; ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ ಪಂಪು ಕೊಡುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು.