ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ಗೇಮ್ ಸೇವ್ ಎಲ್ಲಿದೆ ನೋಡಿ

ನಮ್ಮ ಸರ್ವಿಸ್ ಅಂಗಡಿಗೆ ಫಾರ್ಮ್ಯಾಟ್‌ಗೆ ಅಂತ ಕಂಪ್ಯೂಟರ್ ಬಂದರೆ ಮೊದಲು ಕೇಳುವುದು, "ಏನೇನು ಉಳಿಸಬೇಕು?" ಎಂದು. ಫೋಟೊ, ಟ್ಯಾಲಿ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಎಂದು ದೊಡ್ಡವರು ಪಟ್ಟಿ ಹೇಳುತ್ತಾರೆ. ಗೇಮ್ ಬಗ್ಗೆ ಕೇಳಿದರೆ, "ಅದನ್ನ ಅವನೇ ಮತ್ತೆ ಹಾಕ್ಕೋತಾನೆ ಬಿಡಿ ಸರ್." ಗೇಮ್ ಮತ್ತೆ ಹಾಕಿಕೊಳ್ಳಬಹುದು, ನಿಜ. ಆದರೆ ವರ್ಷಗಟ್ಟಲೆ ಕೂತು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿದ ಊರು ಇನ್‌ಸ್ಟಾಲ್ ಮಾಡಿದರೆ ಬರುವುದಿಲ್ಲ. ಆ ಹುಡುಗನಿಗೆ ಅದೂ ಮಾರ್ಕ್ಸ್ ಕಾರ್ಡಿನಷ್ಟೇ ಮುಖ್ಯ.

ಜಾಸ್ತಿ ಜನ ಎಡವುವುದು ಒಂದೇ ಕಡೆ. "ಗೇಮ್ ಡಿ ಡ್ರೈವ್‌ನಲ್ಲಿದೆ, ನೀವು ಸಿ ಮಾತ್ರ ಫಾರ್ಮ್ಯಾಟ್ ಮಾಡಿ, ಏನೂ ಹೋಗಲ್ಲ ಅಲ್ವಾ?" ಹೋಗುತ್ತದೆ. ಗೇಮ್ ಎಲ್ಲೇ ಇರಲಿ, ಸೇವ್ ಫೈಲುಗಳು, ಅಂದರೆ ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂದು ಗೇಮ್ ಬರೆದಿಟ್ಟುಕೊಳ್ಳುವ ಫೈಲುಗಳು, ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ನಿಮ್ಮ ಯೂಸರ್ ಹೆಸರಿನ ಫೋಲ್ಡರ್ ಒಳಗೆ ಇರುತ್ತವೆ. ಐವತ್ತು ಜಿಬಿ ಗೇಮ್ ಡಿ ಡ್ರೈವ್‌ನಲ್ಲಿ ಹಾಗೇ ಉಳಿದು, ನಾಲ್ಕೈದು ಎಂಬಿಯ ಸೇವ್ ಮಾತ್ರ ಅಳಿಸಿಹೋಗುವುದು ಹೀಗೆ.

ಜಿಟಿಎ ಸ್ಯಾನ್ ಆಂಡ್ರಿಯಾಸ್ ತೆಗೆದುಕೊಳ್ಳಿ. ಪಿಸಿಗೆ 2005ರಲ್ಲಿ ಬಂದ ಗೇಮ್, ನಮ್ಮ ಕಡೆ ಹಳೇ ಕಂಪ್ಯೂಟರುಗಳಲ್ಲಿ ಇವತ್ತಿಗೂ ಓಡುತ್ತಿದೆ. ಡಾಕ್ಯುಮೆಂಟ್ಸ್ ತೆರೆದರೆ 'ಜಿಟಿಎ ಸ್ಯಾನ್ ಆಂಡ್ರಿಯಾಸ್ ಯೂಸರ್ ಫೈಲ್ಸ್' ಎಂಬ ಫೋಲ್ಡರ್ ಕಾಣುತ್ತದೆ. ಗೇಮಿನಲ್ಲಿ ಎಂಟು ಸ್ಲಾಟ್ ಇವೆಯಲ್ಲ, ಒಂದೊಂದಕ್ಕೂ ಒಂದೊಂದು ಫೈಲ್, ಹೆಸರಿನ ಕೊನೆಗೆ 1ರಿಂದ 8ರವರೆಗೆ ನಂಬರ್. ಅದೇ ಫೋಲ್ಡರಿನಲ್ಲಿ 'ಜಿಟಿಎ_ಎಸ್‌ಎ.ಸೆಟ್' ಎಂಬ ಇನ್ನೊಂದು ಚಿಕ್ಕ ಫೈಲ್ ಇದೆ. ಸ್ಕ್ರೀನ್, ಸೌಂಡ್, ಕೀಬೋರ್ಡ್ ಸೆಟ್ಟಿಂಗ್ ಎಲ್ಲ ಇರುವುದು ಇದರಲ್ಲಿ. ಮಾನಿಟರ್ ಬದಲಾಯಿಸಿದ ಮೇಲೆ ಗೇಮ್ ತೆರೆಯುತ್ತಿಲ್ಲ, ಮೌಸ್ ಅಲ್ಲಾಡುತ್ತಿಲ್ಲ ಎಂದರೆ ಗೇಮ್ ತೆಗೆದು ಮತ್ತೆ ಹಾಕಬೇಡಿ. ಈ ಫೈಲಿನ ಹೆಸರು ಬದಲಾಯಿಸಿ ನೋಡಿ. ಗೇಮ್ ಹೊಸದೊಂದನ್ನು ತಾನೇ ಮಾಡಿಕೊಳ್ಳುತ್ತದೆ, ಸೇವ್‌ಗಳಿಗೆ ಏನೂ ಆಗುವುದಿಲ್ಲ. ಡಿಲೀಟ್ ಮಾಡುವುದಕ್ಕಿಂತ ಹೆಸರು ಬದಲಾಯಿಸುವುದು ಒಳ್ಳೆಯದು, ಬೇಕಾದರೆ ಹಳೆಯದನ್ನು ವಾಪಸ್ ತರಬಹುದು.

ಡಾಕ್ಯುಮೆಂಟ್ಸ್‌ನಲ್ಲಿ ಸಿಗಲಿಲ್ಲವೇ? ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್ ಅಕ್ಷರದಲ್ಲಿ %appdata% ಎಂದು ಟೈಪ್ ಮಾಡಿ, ಎಂಟರ್ ಕೊಡಿ. ಇದು ವಿಂಡೋಸ್ ಬಚ್ಚಿಟ್ಟಿರುವ ಜಾಗ, ಅದಕ್ಕೇ ಸುಮ್ನೆ ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ. ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನ ಊರುಗಳು ಇಲ್ಲಿ '.ಮೈನ್‌ಕ್ರಾಫ್ಟ್' ಒಳಗಿನ 'ಸೇವ್ಸ್'ನಲ್ಲಿ ಇರುತ್ತವೆ, ಒಂದು ಊರಿಗೆ ಒಂದು ಫೋಲ್ಡರ್. ಸ್ಟಾರ್‌ಡ್ಯೂ ವ್ಯಾಲಿ, ಎಲ್ಡನ್ ರಿಂಗ್ ಕೂಡ ಇಲ್ಲೇ. ಒಂದು ಮೆಟ್ಟಿಲು ಹಿಂದಕ್ಕೆ ಬಂದರೆ 'ಲೋಕಲ್', 'ಲೋಕಲ್‌ಲೋ' ಎಂಬ ಇನ್ನೆರಡು ಕಾಣುತ್ತವೆ. ಅನ್‌ರಿಯಲ್ ಎಂಜಿನ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದ ಎಷ್ಟೋ ಗೇಮ್‌ಗಳು 'ಲೋಕಲ್'ನಲ್ಲಿ ಇಡುತ್ತವೆ, ಹಾಲೋ ನೈಟ್ 'ಲೋಕಲ್‌ಲೋ'ದಲ್ಲಿ ಇಡುತ್ತದೆ. ಸೈಬರ್‌ಪಂಕ್ 2077 ಮಾತ್ರ ಯೂಸರ್ ಫೋಲ್ಡರಿನಲ್ಲೇ ಇರುವ 'ಸೇವ್ಡ್ ಗೇಮ್ಸ್'ಗೆ ಹೋಗುತ್ತದೆ. ಇನ್ನೊಂದು ಮಾತು: ವಿಂಡೋಸ್ ಒನ್‌ಡ್ರೈವ್ ಬ್ಯಾಕಪ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್ ಒನ್‌ಡ್ರೈವ್ ಫೋಲ್ಡರಿನ ಒಳಗೆ ಸೇರಿಕೊಂಡಿರುತ್ತದೆ. ಹಳೇ ಜಾಗದಲ್ಲಿ ನೋಡಿ ಖಾಲಿ ಎಂದುಕೊಳ್ಳಬೇಡಿ.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಿಂದ ಆಡುವವರಿಗೆ ಕ್ಲೌಡ್ ಇದೆ, ಅಂದರೆ ಸೇವ್‌ನ ಒಂದು ಪ್ರತಿ ಇಂಟರ್ನೆಟ್‌ನಲ್ಲೂ ಇರುತ್ತದೆ, ಆದರೆ ಎಲ್ಲ ಗೇಮಿಗೂ ಇಲ್ಲ. ಗೇಮಿನ ಪ್ರಾಪರ್ಟೀಸ್‌ನಲ್ಲಿ ನೋಡಿಕೊಳ್ಳಿ. ಕ್ಲೌಡ್ ಸೇವ್ ಬೇಕಾ, ಕಂಪ್ಯೂಟರಿನಲ್ಲಿರುವುದು ಬೇಕಾ ಎಂದು ಸ್ಟೀಮ್ ಕೇಳಿದಾಗ ಅವಸರ ಮಾಡಬೇಡಿ. ಎರಡರ ತಾರೀಖು, ಟೈಮ್ ಓದಿ. ಇಲ್ಲಿ ತಪ್ಪು ಒತ್ತಿದರೆ ಹಳೆಯದು ಹೊಸದರ ಮೇಲೆ ಕೂತುಬಿಡುತ್ತದೆ.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, ಗೇಮ್ ಎಳೆಯುತ್ತಿದೆ ಎಂದು ಎಲ್ಲವನ್ನೂ 'ಲೋ'ಗೆ ಇಳಿಸುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಶ್ಯಾಡೋ ಇಳಿಸಿ, ಆಮೇಲೆ ರೆಸಲ್ಯೂಷನ್. ಟೆಕ್ಸ್ಚರ್ (ಗೇಮಿನ ಗೋಡೆ, ನೆಲದಂಥವುಗಳ ಮೇಲೆ ಅಂಟಿಸಿದ ಚಿತ್ರ) ಕೇಳುವುದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು. ಅದು ಸಾಕಷ್ಟಿದ್ದರೆ ಟೆಕ್ಸ್ಚರ್ ಇಳಿಸಿ ವೇಗವೇನೂ ಹೆಚ್ಚುವುದಿಲ್ಲ, ಚಿತ್ರ ಮಾತ್ರ ಕೆಡುತ್ತದೆ. ಲ್ಯಾಪ್‌ಟಾಪ್‌ನಲ್ಲಾದರೆ ಇದಕ್ಕೂ ಮುಂಚೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನ 'ಗ್ರಾಫಿಕ್ಸ್'ಗೆ ಹೋಗಿ ಗೇಮಿಗೆ 'ಹೈ ಪರ್ಫಾರ್ಮೆನ್ಸ್' ಕೊಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದೂ ಗೇಮ್ ಪ್ರೊಸೆಸರ್ ಜೊತೆಗಿನ ಸಣ್ಣ ಚಿಪ್‌ನಲ್ಲಿ ಓಡುತ್ತಿರುವುದು ಬಹಳ ಸಲ ಕಾಣುತ್ತದೆ.

ಫಾರ್ಮ್ಯಾಟ್ ಆದ ಮೇಲೆ ಸೇವ್ ವಾಪಸ್ ಹಾಕುವಾಗ ಗೇಮ್ ಒಂದು ಸಲ ತೆರೆದು, ಪೂರ್ತಿ ಮುಚ್ಚಿ. ಫೋಲ್ಡರ್ ಅದರ ಜಾಗದಲ್ಲಿ ತಾನೇ ಹುಟ್ಟಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡ ಸೇವ್ ಫೈಲುಗಳನ್ನು ಅಲ್ಲಿ ಪೇಸ್ಟ್ ಮಾಡಿ. ಗೇಮ್ ಲೋಡ್ ಆಗಿ, ಹಳೇ ಆಟ ಕಣ್ಣಾರೆ ನೋಡುವವರೆಗೂ ಪೆನ್‌ಡ್ರೈವ್ ಖಾಲಿ ಮಾಡಬೇಡಿ.