ಹೃದಯದ ಪಂಪಿಂಗ್ ಕುಂದಿದವರಿಗೆ ಹೊಸ ಸಾಧನಗಳಿಂದ ಅನುಕೂಲವಿದೆಯೇ?

ಪ್ರಶ್ನೆ: ತಂದೆಯವರಿಗೆ 66 ವರ್ಷ. ಹೃದಯದ ಪಂಪಿಂಗ್ 28% ಎಂದು ಎಕೋ ವರದಿಯಲ್ಲಿದೆ. ಕಾಲು ಬಾತು, ಉಸಿರು ಕಟ್ಟಿ ಈ ವರ್ಷ ಮೂರು ಸಲ ಆಸ್ಪತ್ರೆಗೆ ಸೇರಿಸಿದ್ದೇವೆ. ಒಳಗೆ ಅಳವಡಿಸುವ ಹೊಸ ಸಾಧನಗಳಿಂದ ಅನುಕೂಲವಾದೀತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗಬಹುದು. ಆದರೆ ಯಾವ ಸಾಧನವೆಂಬುದು ಪಂಪಿಂಗಿನ ಅಂಕಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ; ಹೃದಯ ಯಾವ ಬಗೆಯಲ್ಲಿ ಸೋಲುತ್ತಿದೆ ಎಂಬುದನ್ನೂ ನೋಡಬೇಕು. ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಲೆಯ (ಹೃದಯದ ಕೆಳಕೋಣೆಗಳಲ್ಲಿ ವಿದ್ಯುತ್ ಹರಡುವ ಸಮಯವನ್ನು ತೋರುವ ಅಲೆ) ಅಗಲ 150 ಮಿಲಿಸೆಕೆಂಡ್ ಮೀರಿ, ಎಡಗಡೆಯ ವಿದ್ಯುತ್ ಹಾದಿಯಲ್ಲಿ ತಡೆಯಿದ್ದರೆ, ಹೃದಯದ ಗೋಡೆಗಳು ಒಟ್ಟಿಗೆ ಕುಗ್ಗದೆ ಹಿಂದುಮುಂದಾಗಿ ಕುಗ್ಗುತ್ತಿರುತ್ತವೆ. ಅವನ್ನು ಮತ್ತೆ ಒಂದೇ ಲಯಕ್ಕೆ ತರುವುದು ಸಿಆರ್‌ಟಿ ಎಂಬ ಪೇಸ್‌ಮೇಕರ್. ಇದು ಹಳೆಯ ಸಾಧನವೇ, ಆದರೂ ಸರಿಯಾದ ರೋಗಿಗೆ ಮೊದಲು ಕೇಳಬೇಕಾದದ್ದು ಇದನ್ನೇ. ಅಲೆ ಅಗಲವಾಗಿಲ್ಲದವರಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎರಡು ಸಾಧನಗಳಿಗೆ ಒಪ್ಪಿಗೆ ನೀಡಿತು: ಬಡಿತವನ್ನು ಹುಟ್ಟಿಸದೆ ಸ್ನಾಯುವಿನ ಕುಗ್ಗುವಿಕೆಗೆ ಬಲ ತುಂಬುವ ಆಪ್ಟಿಮೈಜರ್, ಕುತ್ತಿಗೆಯ ರಕ್ತನಾಳದ ಬಳಿಯ ನರವನ್ನು ಪ್ರಚೋದಿಸಿ ಹೃದಯದ ಮೇಲಿನ ಒತ್ತಡ ತಗ್ಗಿಸುವ ಬಾರೋಸ್ಟಿಮ್.

ಪದೇ ಪದೇ ದಾಖಲಾಗುವವರ ಮಟ್ಟಿಗೆ ನನಗೆ ಹೆಚ್ಚು ಭರವಸೆ ಮೂಡಿಸುವುದು 2014ರಲ್ಲಿ ಒಪ್ಪಿಗೆ ಪಡೆದ ಕಾರ್ಡಿಯೋಮೆಮ್ಸ್. ತೊಡೆಸಂದಿಯ ರಕ್ತನಾಳದ ಮೂಲಕ ಶ್ವಾಸಕೋಶದ ಅಪಧಮನಿಯಲ್ಲಿ ಇಡುವ ಈ ಪುಟ್ಟ ಸಂವೇದಕಕ್ಕೆ ಬ್ಯಾಟರಿಯೇ ಇಲ್ಲ. ರೋಗಿ ದಿನಕ್ಕೊಮ್ಮೆ ಮನೆಯಲ್ಲೇ ವಿಶೇಷ ದಿಂಬಿನ ಮೇಲೆ ಮಲಗಿದರೆ ಅಲ್ಲಿನ ರಕ್ತದೊತ್ತಡ ವೈದ್ಯರಿಗೆ ತಲುಪುತ್ತದೆ. ಕಾಲು ಬಾಯುವುದಕ್ಕೂ ಉಸಿರು ಕಟ್ಟುವುದಕ್ಕೂ ಎಷ್ಟೋ ದಿನ ಮೊದಲೇ ಈ ಒತ್ತಡ ಏರತೊಡಗಿರುತ್ತದೆಯಾದ್ದರಿಂದ, ನೀರು ಇಳಿಸುವ ಮಾತ್ರೆಯ ಪ್ರಮಾಣವನ್ನು ಫೋನಿನಲ್ಲಿಯೇ ಬದಲಿಸಲು ಸಮಯ ಸಿಗುತ್ತದೆ. 550 ರೋಗಿಗಳ ಚಾಂಪಿಯನ್ ಅಧ್ಯಯನದಲ್ಲಿ ಆರು ತಿಂಗಳಲ್ಲಿ ಹೃದಯ ವೈಫಲ್ಯಕ್ಕಾಗಿ ದಾಖಲಾಗುವುದು ಸುಮಾರು 28% ತಗ್ಗಿತು. ಬೆಂಗಳೂರಿಗೆ 260 ಕಿ.ಮೀ. ಓಡಾಡುವ ನಮ್ಮೂರಿನವರಿಗೆ ಇದರ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅದು ಹೃದಯವನ್ನು ಗುಣಪಡಿಸುವುದಿಲ್ಲ, ಎಚ್ಚರಿಸುತ್ತದೆ ಅಷ್ಟೇ. ಬಂದ ಅಂಕಿಯನ್ನು ನಿತ್ಯ ನೋಡುವ ವೈದ್ಯರ ತಂಡವಿಲ್ಲದಿದ್ದರೆ ಹಾಕಿಸಿಯೂ ಫಲವಿಲ್ಲ.

ಸಾಧನದ ಮಾತಿಗೆ ಮೊದಲು ನಾಲ್ಕು ಬಗೆಯ ಮುಖ್ಯ ಔಷಧಿಗಳು ತಾಳಿಕೊಳ್ಳುವಷ್ಟು ಪ್ರಮಾಣದಲ್ಲಿ ಕನಿಷ್ಠ ಮೂರು ತಿಂಗಳು ನಡೆದಿವೆಯೇ ಎಂದು ವೈದ್ಯರನ್ನು ಕೇಳಿರಿ. ಸಂಜೆಯ ಮಂಡಕ್ಕಿ–ಮಿರ್ಚಿ, ಊಟದ ಉಪ್ಪಿನಕಾಯಿ ಬಿಡುವುದು ಕಷ್ಟವೆಂದು ಬಲ್ಲೆ, ಆದರೂ ಬಿಡಿಸಿರಿ. ಬೆಳಿಗ್ಗೆ ತಪ್ಪದೆ ತೂಕ ನೋಡಿ ಬರೆದಿಡಿರಿ. ಮೂರು ದಿನಗಳಲ್ಲಿ 2 ಕಿಲೋ ಏರಿದರೆ, ಉಸಿರು ಕಟ್ಟುವವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಿರಿ.